ಮೆತ್ತನೆ ಮಾವನ ಕಾಲಿನ ಸಾಕ್ಷಿ

ಸಕ್ಕರೆ ಕಾಯಿಲೆಯವರ ಚಪ್ಪಲಿಗೆ ಊರಿಗೆಲ್ಲ ಒಂದೇ ಅಂಗಡಿ, ಮೆತ್ತನೆ ಮಾವನದು. ಬೆರಳ ಕಡೆ ಅಗಲ, ಒಳಗೆ ಹೊಲಿಗೆಯ ಗಂಟಿಲ್ಲ, ಒತ್ತಿದರೆ ಇಳಿಯುವ ಮೆತ್ತೆ. ಯಾರಾದರೂ ಅಂದಚಂದದ ಮಾತೆತ್ತಿದರೆ, "ಅಂದ ಮುಖಕ್ಕಿರಲಿ, ಮೊದಲು ಕಾಲು ಉಳೀಲಿ" ಎಂದು ಗದರುವ ಆಸಾಮಿ.

ಅಳತೆಗೆ ಕೂತವರನ್ನು, "ಕಣ್ಣು ಮುಚ್ಚಿ, ಪೆನ್ಸಿಲ್ ಎಲ್ಲಿ ಮುಟ್ಟಿದೆ ಹೇಳಿ" ಎಂದು ಮೊದಲು ಪರೀಕ್ಷಿಸುವನು. ಎಷ್ಟೋ ಜನಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಚುಚ್ಚಿದರೂ ತಿಳಿಯದವರ ಬದಲು ತನ್ನ ಕಾಲು ಸಾಕ್ಷಿ ಹೇಳಬೇಕು ಎಂಬುದು ಅವನ ಹಟ. ಜಡ್ಡುಗಟ್ಟಿದ ತನ್ನ ಕೈಯನ್ನು ಅವನು ನಂಬುತ್ತಿರಲಿಲ್ಲ. ಸಿದ್ಧವಾದ ಪ್ರತಿ ಜೋಡಿಯನ್ನೂ ಬರಿಗಾಲಿಗೆ ಮೆಟ್ಟಿ, ಹಿಮ್ಮಡಿ ಹೊರಗೆ ಚಾಚಿಕೊಂಡಿದ್ದರೂ ಸರಿ, ಬಾಗಿಲಿಂದ ಗೋಡೆಗೆ ಹತ್ತು ಸಲ ನಡೆಯುವನು. ಮೂವತ್ತು ವರ್ಷ ಹೀಗೇ ನಡೆದ.

ಆ ಬೆಳಿಗ್ಗೆ ಹೊಲಿಗೆ ಟೀಚರಮ್ಮ ತಮ್ಮ ಜೋಡಿಗೆ ಬಂದು ಕೂತಿದ್ದರು. ಮಾವ ಹತ್ತು ಸಲ ನಡೆದು, ಚಪ್ಪಲಿ ಬಿಚ್ಚಿ ಅವರ ಕೈಗಿಟ್ಟ. "ಹೂವಿನ ಹಾಗಿದೆ ಅಕ್ಕ, ಹಾಕ್ಕೊಳ್ಳಿ."

"ಅಪ್ಪಾ, ನೆಲ ನೋಡು!" ಅಂಟು ಹಚ್ಚುತ್ತಿದ್ದ ಮಗಳು ಚೀರಿದಳು.

"ಕೆಂಪು ಪಾಲಿಶ್ ಚೆಲ್ಲಿದ್ಯಾ?"

"ಪಾಲಿಶ್ ಅಲ್ಲಪ್ಪಾ, ನಿನ್ನ ಕಾಲು!"

ಅಂಟು ಒಣಗುವವರೆಗೆ ಹೊಡೆದು ಆಮೇಲೆ ಕೀಳಬೇಕಾದ ಸಣ್ಣ ಮೊಳೆಯೊಂದು ಮೆತ್ತೆಯಲ್ಲೇ ಉಳಿದಿತ್ತು. ಈಗ ಅದು ಅವನ ಬಲಗಾಲಿನಲ್ಲಿ ಪೂರ್ತಿ ಹೂತಿತ್ತು. ಮಗಳು ಇಕ್ಕಳದಿಂದ ಕೀಳುವಾಗ ಅವನು ಯಾರದೋ ಕಾಲು ನೋಡುವವನಂತೆ ನೋಡಿದ. ಟೀಚರಮ್ಮ ಚಪ್ಪಲಿಯನ್ನು ಮೆಲ್ಲಗೆ ಕೆಳಗಿಟ್ಟರು. ಮಾವ ಅಳತೆ ಪುಸ್ತಕ ಎಳೆದು ಮಗಳ ಮುಂದಿಟ್ಟ.

"ಎಷ್ಟು ದಿನದಿಂದ ಈ ಕಾಲು ಸುಳ್ಳು ಹೇಳ್ತಿದೆಯೋ! ಈ ತಿಂಗಳು ತಗೊಂಡು ಹೋದೋರು ಏನಾದ್ರೋ! ಫೋನ್ ಮಾಡು, ಎಲ್ರಿಗೂ ಮಾಡು!"

ಮಗಳು ಗಾಯಕ್ಕೆ ಬಟ್ಟೆ ಕಟ್ಟಿ, ಅಳತೆ ಪುಸ್ತಕ ತೆರೆದು, ಒಬ್ಬೊಬ್ಬರಿಗೂ ಚಪ್ಪಲಿ ಮೆಟ್ಟಬೇಡಿ ಎಂದಳು. ಆಮೇಲೆ ಅಪ್ಪನನ್ನು ಆಸ್ಪತ್ರೆಗೆ ಹೊರಡಿಸಿದಳು.

"ಹೋಗೋಣ. ಎಡಗಾಲಾದ್ರೂ ಇದೆಯಲ್ಲ, ಇನ್ಮೇಲೆ ಅದರಲ್ಲೇ ನೋಡಿದ್ರಾಯ್ತು," ಅಂದ ಮಾವ.

ಮಗಳು ಪೆನ್ಸಿಲ್ ಹಿಡಿದು ಅವನ ಎಡಗಾಲ ಬಳಿ ಕೂತಳು. "ಕಣ್ಣು ಮುಚ್ಚು. ಎಲ್ಲಿ ಮುಟ್ಟಿದೆ ಹೇಳು."

ಅವನು ಕಣ್ಣು ಮುಚ್ಚಿ ಕಾದ. ಕಾದೇ ಕಾದ.

"ಯಾಕಮ್ಮಾ ಸುಮ್ನೆ ಕೂತೆ? ಶುರು ಮಾಡು."

ಅವನು ಕಣ್ಣು ಬಿಟ್ಟು ನೋಡಿದ. ಹೆಬ್ಬೆರಳಿಂದ ಕಿರುಬೆರಳವರೆಗೆ ಐದೂ ಬೆರಳ ಮೇಲೆ ಪೆನ್ಸಿಲ್ ಗೆರೆ ಎದ್ದಿತ್ತು.