ಕಷಾಯ ಚಕ್ರವರ್ತಿ

ಗುಬ್ಬಿಯಲ್ಲಿ ಔಷಧಿ ಅಂಗಡಿ ಇಟ್ಟ ನನ್ನ ಹೊಟ್ಟೆಯುರಿಗೆ ನನ್ನ ಕಪಾಟಿನಲ್ಲೇ ಮಾತ್ರೆಯಿರಲಿಲ್ಲ. ಎದುರು ಜಗಲಿಯಲ್ಲಿ ಕಷಾಯ ಚಕ್ರವರ್ತಿ ಗಂಗಹನುಮಯ್ಯ ಕೂತಿರುತ್ತಿದ್ದ. ನನ್ನಲ್ಲಿಗೆ ನೊಣ ಬಂದರೆ ಅವನಲ್ಲಿಗೆ ಮಂಡಿನೋವಿನ ಮಹಾಸೈನ್ಯವೇ ಬರುತ್ತಿತ್ತು. "ಬೇರು ನಾರು ಕಣವ್ವಾ, ಏನೂ ಮಾಡಲ್ಲ, ನೋಡು" ಎನ್ನುತ್ತಾ ಪ್ರತಿ ರೋಗಿಯ ಎದುರೂ ಮೊದಲ ಗುಟುಕು ತಾನೇ ಕುಡಿಯುತ್ತಿದ್ದ. ಜನ ಸೋಲುತ್ತಿದ್ದುದೇ ಅಲ್ಲಿ. ಒಂದು ದಿನ ಅವನ ಕಣ್ಣು ಹಳದಿಯಾಯಿತು. ಆ ಕಷಾಯದ ಬೇರುಗಳೇ ಲಿವರ್ ಕೆಡಿಸಿವೆ, ಇನ್ನು ಮುಟ್ಟಬೇಡ ಎಂದರಂತೆ ತುಮಕೂರಿನ ಡಾಕ್ಟರು. ಅವನ ಗುಟುಕು ನಿಂತರೆ ಜನ ಬರುವುದೂ ನಿಲ್ಲುತ್ತದೆಂದು ನಾನು ಕುಣಿಯುತ್ತಲೇ ಹೋಗಿ, "ನೀನ್ ಕುಡೀಬ್ಯಾಡ ಕಣಯ್ಯ, ಅವ್ರಿಗೆ ಮಾತ್ರ ಕೊಡು" ಎಂದು ಉಪದೇಶಿಸಿದೆ. "ನನ್ನೇ ಸುಟ್ಟಿದ್ದನ್ನ ಇವ್ರಿಗೆಂಗ್ ಕುಡಿಸ್ಲಿ ಸ್ವಾಮಿ" ಎಂದವನು, ಅಷ್ಟೂ ಜನ ನೋಡುತ್ತಿದ್ದಂತೆ ಹಂಡೆಯನ್ನು ಚರಂಡಿಗೆ ಬಗ್ಗಿಸಿದ.