ಗೀಟು ಎಳೆಯದ ಚೀಟಿ

ಈ ಸಲವೂ ಚುನಾವಣೆ ಬಂದಿದೆ, ಈ ಸಲವೂ ನನ್ನನ್ನು ಭಾಷಣಕ್ಕೆ ಕರೆದಿದ್ದಾರೆ. ಹುಣಸೂರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು ನಾನು. ಹೊಗೆಸೊಪ್ಪಿನ ಬೆಲೆಯ ಚರ್ಚೆ ಎದ್ದಾಗಲೆಲ್ಲ ಊರಿನವರಿಗೆ ನನ್ನ ನೆನಪಾಗುತ್ತದೆ. ಬರುವುದಿಲ್ಲ ಎಂದು ಹೇಳಿ ಕಳಿಸಿದೆ. ಕಾರಣ ಹೇಳುವಷ್ಟು ಧೈರ್ಯ ಇರಲಿಲ್ಲ.

ಹಿಂದಿನ ಚುನಾವಣೆಯ ವರ್ಷ ಗಾವಡಗೆರೆ ಪಕ್ಕದ ನಮ್ಮೂರಿನ ಅರಳಿಕಟ್ಟೆಯ ಮುಂದೆ ಸಭೆ ಸೇರಿತ್ತು. ಒಬ್ಬ ಅಭ್ಯರ್ಥಿ ಸರ್ಕಾರವೇ ಬೆಲೆ ಕಟ್ಟಬೇಕು ಎಂದ. ಇನ್ನೊಬ್ಬ ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಡಿ, ಬೆಲೆ ತಾನಾಗಿ ಏರುತ್ತದೆ ಎಂದ. ಇಬ್ಬರಿಗೂ ಚಪ್ಪಾಳೆ ಬಿತ್ತು. ನಮ್ಮೂರಿನವರು ಚಪ್ಪಾಳೆಯಲ್ಲಿ ಜಿಪುಣರಲ್ಲ. ಆಮೇಲೆ ನಾನು ಎದ್ದೆ. ಕೊಳ್ಳುವವರು ಟೀ ಕುಡಿಯುವಾಗಲೇ ಬೆಲೆ ಮಾತಾಡಿಕೊಂಡು ಬಂದರೆ ಹರಾಜು ಬರೀ ನಾಟಕ, ಪೈಪೋಟಿ ಕೊಲ್ಲುವುದನ್ನು ತಡೆಯಲು ಕಾನೂನಿದೆ, ದೂರು ಕೊಡೋಣ ಎಂದೆ. ಅಲ್ಲಿಯವರೆಗೆ ಕಡಿಮೆ ಬೆಲೆಗೆ ಯಾರೂ ಸೊಪ್ಪು ಬಿಡಬಾರದು ಎಂದೂ ಹೇಳಿದೆ. ಹರಾಜಿನಲ್ಲಿ ಬಂದ ಬೆಲೆಯನ್ನು ಚೀಟಿಯಲ್ಲಿ ಬರೆದು ಸೊಪ್ಪಿನ ಮೂಟೆಯ, ಅಂದರೆ ಬೇಲಿನ, ಮೇಲಿಡುತ್ತಾರೆ. ಒಪ್ಪದ ರೈತ ಚೀಟಿಗೆ ಗೀಟು ಎಳೆದು ಬೇಲನ್ನು ವಾಪಸ್ ಒಯ್ಯಬಹುದು. ಎಲ್ಲರೂ ಗೀಟು ಎಳೆಯಿರಿ ಎಂದೆ. ಎಲ್ಲರೂ ಹೂಂ ಅಂದರು.

ಮುಂದಿನ ಸಾಲಿನಲ್ಲಿ ಕೂತಿದ್ದ ಅಣ್ಣ ಮನೆಗೆ ಬರುವಾಗ, "ಚೆಂದಾಗಿ ಮಾತಾಡ್ದೆ ಕಣ್ಲಾ," ಎಂದ. ನನ್ನ ಪಾಲಿನ ಹೊಲದ ಸೊಪ್ಪನ್ನೂ ಬ್ಯಾರನ್ ಎಂಬ ಬೆಂಕಿಗೂಡಿನಲ್ಲಿ ಬೇಯಿಸಿ, ಬಣ್ಣ ನೋಡಿ ವಿಂಗಡಿಸಿ, ಬೇಲು ಕಟ್ಟುತ್ತಿದ್ದವನು ಅವನೇ.

ಹರಾಜಿನ ದಿನ ಬೆಲೆ ಕೆಳಗೇ ಬಂತು. ಹೂಂ ಅಂದವರೆಲ್ಲ ಚೀಟಿ ಹಿಡಿದು ತಲೆ ತಗ್ಗಿಸಿಕೊಂಡು, ಬೆಲೆಗೆ ಒಪ್ಪಿ ಸಹಿ ಹಾಕಲು ಕೌಂಟರಿಗೆ ಹೋದರು. ಅಣ್ಣ ಒಬ್ಬನೇ ಗೀಟು ಎಳೆದ. ಟೆಂಪೋಗೆ ಬೇಲು ಹೇರಿಸಿ, "ನಿನ್ನವನ್ನೂ ಆಕುವಾ?" ಎಂದು ಕೇಳಿದ. ನೀನು ಹೊರಡು, ನನ್ನವನ್ನು ಇಲ್ಲೇ ಸ್ನೇಹಿತನ ಗೋದಾಮಿನಲ್ಲಿ ಇಡುತ್ತೇನೆ ಎಂದೆ. ಅವನು ಹೋದ. ನಾನು ಚೀಟಿಗೆ ಗೀಟು ಎಳೆಯದೆ ಕೌಂಟರಿನಲ್ಲಿ ಸಹಿ ಹಾಕಿದೆ. ಮನೆಗೆ ಮಹಡಿ ಕಟ್ಟಿಸುತ್ತಿದ್ದೆ, ಟೈಲ್ಸಿನವನು ಅವಸರ ಮಾಡುತ್ತಿದ್ದ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಅಣ್ಣನ ಸೊಪ್ಪು ಪಡಸಾಲೆಯಲ್ಲೇ ಕೂತು ಕಪ್ಪಿಟ್ಟಿತು. ಕೊನೆಗೆ ಅದನ್ನು ಕೇಳುವವರೇ ಇರಲಿಲ್ಲ. ದೂರನ್ನು ಯಾರೂ ಕಳಿಸಲೂ ಇಲ್ಲ. ಮುಂದಿನ ಬೆಳೆಗೆ ಅವನು ಬ್ಯಾರನ್ ಹಚ್ಚಲಿಲ್ಲ, ಹೊಲಕ್ಕೆ ಜೋಳ ಹಾಕಿದ. ಆದರೆ ಟೀ ಅಂಗಡಿಯಲ್ಲಿ ಹೊಗೆಸೊಪ್ಪಿನ ಮಾತು ಬಂದರೆ ಸಾಕು, "ಅವತ್ತು ಗೀಟು ಎಳ್ದೋರು ಇಬ್ರೇ ಕಣ್ರೀ, ನಾನೂ ನನ್ ತಮ್ಮನೂ," ಎನ್ನುತ್ತಿದ್ದ. ಕೇಳಿದವರು ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದರು. ನನ್ನ ಬೇಲು ಏನಾಯಿತು ಎಂದು ಅವನು ಒಂದು ದಿನವೂ ಕೇಳಲಿಲ್ಲ. ಪಾಪ, ಏನೂ ತಿಳಿಯದವನು ಅಂದುಕೊಂಡು, ನಿಜ ಹೇಳುವುದನ್ನು ಮುಂದಕ್ಕೆ ಹಾಕುತ್ತಲೇ ಬಂದೆ.

ಹೋದ ವರ್ಷ ಅಣ್ಣ ತೀರಿಕೊಂಡ. ತಿಥಿ ಮುಗಿದ ಮಧ್ಯಾಹ್ನ ಅತ್ತಿಗೆಯ ಮುಂದೆ ಕೂತು ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ. ಅತ್ತಿಗೆ ಎಲೆ ಅಡಿಕೆ ತಟ್ಟೆಯನ್ನು ಪಕ್ಕಕ್ಕಿಟ್ಟರು.

"ಅವ್ರಿಗೆ ಅವತ್ತೇ ಗೊತ್ತಿತ್ತು. ನಿಮ್ಮನ್ನೂ ಟೆಂಪೋಲಿ ಕರ್ಕೊಂಡ್ ಬರುವಾ ಅಂತ ಗೇಟಿಂದ ವಾಪಸ್ ಬಂದಿದ್ರು. ನೀವು ಸಹಿ ಆಕ್ತಿದ್ದುದ್ನ ನೋಡ್ಕೊಂಡು ಅಂಗೇ ತಿರ್ಗಿ ಬಂದ್ರು."

ಅತ್ತಿಗೆ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

"ಯಾರ್ಗೂ ಏಳ್ಬೇಡ ಅಂದ್ರು. ಅವ್ನು ನಾಕು ಜನದ್ ಮುಂದೆ ನಿಂತ್ಕೊಂಡು ಮಾತಾಡೋನು, ಅವ್ನ ತಲೆ ತಗ್ಬಾರ್ದು ಅಂದ್ರು."