ಮೂರು ಲ್ಯಾಪ್‌ಟಾಪ್‌ಗಳಿಗೆ ಅಂಟಿಸಿದ ಚೀಟಿ

ಒಂದು ಕಂಪನಿಯ ಲೈಸೆನ್ಸ್‌ನಿಂದಾಗಿ ಹೆಣ್ಣುಮಗಳೊಬ್ಬಳಿಗೆ ಕೆಲಸ ತಪ್ಪಿತು ಎಂಬ ಕಥೆ ನಮ್ಮ ಓಪನ್ ಸೋರ್ಸ್ ಬಳಗದಲ್ಲಿ ಈಗಲೂ ಓಡಾಡುತ್ತಿದೆ. ಕೇಳಿದವರು ಕಂಪನಿಯನ್ನು ಬೈದು ಕಾಫಿ ಮುಗಿಸುತ್ತಾರೆ. ಅದನ್ನು ಮೊದಲು ಹೇಳಿದವನು ನಾನೇ. ಕಥೆ ಪೂರ್ತಿ ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ.

ಮೂರು ವರ್ಷದ ಹಿಂದೆ ನಾನು ಜಯನಗರದ ಸಣ್ಣ ಸಂಸ್ಥೆಯೊಂದರಲ್ಲಿ ತಾಂತ್ರಿಕ ಸಂಯೋಜಕನಾಗಿದ್ದೆ. ಕಚೇರಿಗಳು ಬಿಸಾಡಿದ ಲ್ಯಾಪ್‌ಟಾಪ್‌ಗಳನ್ನು ರಿಪೇರಿ ಮಾಡಿ, ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಹಾಕಿ, ಬೇಕಾದವರಿಗೆ ಉಚಿತವಾಗಿ ಕೊಡುವುದು ನಮ್ಮ ಕೆಲಸ. ಆ ಸಲದ ಹನ್ನೆರಡರಲ್ಲಿ ಮೂರಕ್ಕೆ ಹಳೆಯ ವೈಫೈ ಚಿಪ್ ಇತ್ತು. ಅದು ಎಚ್ಚರಗೊಳ್ಳಲು ಫರ್ಮ್‌ವೇರ್ ಎಂಬ ಪುಟ್ಟ ಫೈಲ್ ಬೇಕು. ಲಿನಕ್ಸನ್ನು ಯಾರು ಬೇಕಾದರೂ ಹಂಚಬಹುದು. ಈ ಫೈಲ್ ಮಾತ್ರ ಚಿಪ್ ಕಂಪನಿಯ ಸ್ವತ್ತು, ಬೇರೆಯವರು ಹಂಚುವಂತಿಲ್ಲ. ಬಳಸುವವರೇ ನೆಟ್‌ನಿಂದ ಇಳಿಸಿಕೊಳ್ಳಬೇಕು.

ಸಹೋದ್ಯೋಗಿ ರಘು ಒಂದು ದಾರಿ ಹೇಳಿದ. “ಮೂರೇ ಜನ ಅಲ್ವಾ ಮಗಾ? ತಗೊಳ್ಳೋಕೆ ಬಂದಾಗ ಕೂರ್ಸು, ನಮ್ಮ ನೆಟ್ ಕೇಬಲ್ ಚುಚ್ಚು, ಅವರ ಕೈಲೇ ಎಂಟರ್ ಒತ್ಸು. ಹತ್ತು ನಿಮಿಷ.”

“ಬೆರಳು ಅವರದು, ಕೆಲಸ ನಮ್ದು. ಅದೂ ಹಂಚಿಕೆನೇ ಅಂತ ಯಾರಾದ್ರೂ ವಾದ ಮಾಡಿದ್ರೆ?”

“ಯಾರು ಗುರು ವಾದ ಮಾಡ್ತಾರೆ, ನಿನ್ನ ಬಿಟ್ಟು?”

ಎದುರಾಳಿ ನಗಿಸಿದಾಗ ನಗಬಾರದೆಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತಿದ್ದೆ. ನಗಲಿಲ್ಲ, ಗೆದ್ದೆ. ಒಂದು ಚೀಟಿ ಬರೆದು ಆ ಮೂರರ ಮೇಲೂ ಅಂಟಿಸಿದೆ. ಮೊದಲ ಸಾಲು: ‘ಇಂಟರ್‌ನೆಟ್‌ಗೆ ಸಂಪರ್ಕಿಸಿ.’ ಕೊನೆಯದು, ದಪ್ಪಕ್ಷರದಲ್ಲಿ: ‘ಈ ಫೈಲನ್ನು ಬೇರೆಯವರಿಂದ ನಕಲು ಮಾಡಿಕೊಳ್ಳುವುದು ಕಾನೂನುಬಾಹಿರ.’ ಸಹಾಯಕ್ಕೆಂದು ಕೊಟ್ಟದ್ದು ಒಂದು ವೆಬ್‌ಸೈಟಿನ ವಿಳಾಸ.

ವಸಂತಪುರದ ಮಂಜುಳಾ ಅದರಲ್ಲೊಂದನ್ನು ಶುಕ್ರವಾರ ಒಯ್ದರು. ಬನಶಂಕರಿಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ತೋರಿಸಿ ಅವರ ಮಂಡಿ ಸೋತಿತ್ತು. ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಕೂತು ಮಾಡುವ ಕೆಲಸಕ್ಕೆ ಅರ್ಜಿ ಹಾಕಿದ್ದರು. ಸೋಮವಾರ ಹನ್ನೊಂದಕ್ಕೆ ಆನ್‌ಲೈನ್ ಪರೀಕ್ಷೆ, ಫೋನಿನಲ್ಲಿ ಬರೆಯುವಂತಿಲ್ಲ.

ಮಂಗಳವಾರ ಲ್ಯಾಪ್‌ಟಾಪ್ ವಾಪಸ್ ತಂದರು. ಭಾನುವಾರ ತೆರೆದಾಗ ವೈಫೈ ಕಾಣಲಿಲ್ಲವಂತೆ. ನೆಟ್ ಇಲ್ಲದೆ ಚೀಟಿಯ ಮೊದಲ ಸಾಲೇ ದಾಟಲಾಗಲಿಲ್ಲ. ನಮ್ಮ ಕಚೇರಿಗೆ ರಜೆ. ಸೋಮವಾರ ಬೆಳಿಗ್ಗೆಯೇ ಕೋಣನಕುಂಟೆಯ ಕಂಪ್ಯೂಟರ್ ಅಂಗಡಿಗೆ ಹೋಗಿದ್ದರು.

“ಅಂಗಡಿಯಣ್ಣ ಆ ಫೈಲು ಪೆನ್‌ಡ್ರೈವಲ್ಲಿ ಹಾಕ್ಕೊಡ್ತೀನಿ, ಎರಡು ನಿಮಿಷ ಅಂದ್ರು ಸಾರ್. ನಾನೇ ಬೇಡ ಅಂದೆ. ನೀವು ಬರ್ದಿದ್ರಲ್ಲ, ಕಾನೂನು ಅಂತ. ಆಸ್ಪತ್ರೆ ಕೆಲಸಕ್ಕೆ ಪೊಲೀಸ್ ವೆರಿಫಿಕೇಶನ್ ಬೇರೆ ಇರತ್ತೆ. ಅಷ್ಟರಲ್ಲಿ ಪರೀಕ್ಷೆ ಟೈಮ್ ಮುಗ್ದೋಯ್ತು.”

“ಇನ್ನೊಂದ್ಸಲ ಬರೆಯೋಕೆ ಬಿಡಲ್ವಾ?” ರಘು ಕೇಳಿದ.

“ಇಲ್ವಂತೆ. ಫೋನ್ ಮಾಡಿ ಕೇಳ್ದೆ.” ಆಮೇಲೆ ನನ್ನ ಕಡೆ ತಿರುಗಿದರು. “ನಾನೇ ಏನೋ ಒತ್ತಿ ಕೆಡಿಸ್ದೆ ಅನ್ಸತ್ತೆ. ಸಾರಿ ಸಾರ್.”

“ಪರವಾಗಿಲ್ಲ ಬಿಡಿ,” ಎಂದೆ.

ನನ್ನ ತಪ್ಪಿಗೆ ಅವರನ್ನು ಕ್ಷಮಿಸಿ ಕಳಿಸಿದೆ.

ಅವರು ಹೋದ ಮೇಲೆ ರಘು ತನ್ನ ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಆ ಲ್ಯಾಪ್‌ಟಾಪಿಗೆ ಜೋಡಿಸಿದ. ಫೋನಿನ ನೆಟ್ ಕೇಬಲ್ ಮೂಲಕವೇ ಹರಿಯಿತು, ಫೈಲ್ ಇಳಿಯಿತು, ವೈಫೈ ಎದ್ದಿತು. ಲೈಸೆನ್ಸ್‌ಗೆ ಒಂದಿಷ್ಟೂ ಧಕ್ಕೆಯಿಲ್ಲ. ಚೀಟಿಯಲ್ಲಿ ‘ಫೋನನ್ನು ಕೇಬಲ್‌ನಿಂದ ಜೋಡಿಸಿ’ ಎಂಬ ಒಂದು ಸಾಲಿಗೆ ಜಾಗವೂ ಇತ್ತು. ನನಗೆ ಹೊಳೆದಿರಲಿಲ್ಲ, ಏಕೆಂದರೆ ನಾನು ಅದನ್ನು ಬರೆದದ್ದು ರಘುವಿಗೆ ಉತ್ತರವಾಗಿ, ಮಂಜುಳಾ ಅವರಿಗೆ ಸೂಚನೆಯಾಗಿ ಅಲ್ಲ.

ಕಂಪನಿಯ ಷರತ್ತು ಇದ್ದದ್ದು ನಿಜ. ಆದರೆ ಅದು ಹಂಚುವವರ ಮೇಲಿನ ಷರತ್ತು. ಅದನ್ನು ಪಡೆಯುವವರ ಹೆದರಿಕೆಯಾಗಿ ಬದಲಿಸಿದ್ದು ನನ್ನ ದಪ್ಪಕ್ಷರ. ಈಗ ಯಾವ ಸೂಚನೆ ಬರೆದರೂ, ಕೈಯಲ್ಲಿ ಏನೂ ಇಲ್ಲದವರು ಮೊದಲ ಸಾಲನ್ನು ದಾಟಬಲ್ಲರೇ ಎಂದು ನೋಡುತ್ತೇನೆ. ಕಲಿತದ್ದು ಅಷ್ಟು. ಕಲಿಕೆಯ ಬೆಲೆ ತೆತ್ತದ್ದು ನಾನಲ್ಲ.

ಹೋದ ತಿಂಗಳು ಬನಶಂಕರಿಯಲ್ಲಿ ಅದೇ ಬಟ್ಟೆ ಅಂಗಡಿಯ ಮುಂದೆ ಹಾದುಹೋದೆ. ಅವರು ಒಳಗೆ ಸೀರೆ ಬಿಡಿಸುತ್ತಾ ನಿಂತಿದ್ದರು. ಮಾತಾಡಿಸುವ ಧೈರ್ಯವಾಗಲಿಲ್ಲ.

ಮಂಜುಳಾ ಅವರೇ, ಆ ಲ್ಯಾಪ್‌ಟಾಪ್ ಕೆಡಿಸಿದ್ದು ನೀವೇ ಅಂತ ಈಗಲೂ ಅಂದ್ಕೊಂಡಿದ್ದೀರಾ?